ಸಾಹೇಬರ ಸೀಟು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಪಕ್ಕದ ಮನೆಯವರ ಹೊಸ ಕಾರಿನ ಮೇಲೆ ಪಡಬಹುದು, ಸಹೋದ್ಯೋಗಿಯ ಬಡ್ತಿಯ ಮೇಲೆ ಪಡಬಹುದು, ನನ್ನ ವಯಸ್ಸಿನವರಾದರೆ ಇನ್ನೊಬ್ಬರ ತಲೆಗೂದಲಿನ ಮೇಲೂ ಪಡಬಹುದು. ಇವನ್ನೆಲ್ಲ ನಾನು ಕಾಲಕಾಲಕ್ಕೆ ಶ್ರದ್ಧೆಯಿಂದ ಮಾಡಿ ಮುಗಿಸಿದವನು. ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲೂ ನಾಚಿಕೆಯಿಲ್ಲ. ಆದರೆ ಐವತ್ತೈದು ದಾಟಿದ ಮೇಲೆ ನನಗೆ ಬಂದ ಹೊಟ್ಟೆಕಿಚ್ಚನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ. ಅದು ಬಂದದ್ದು ನಮ್ಮ ಮನೆಯ ಬೆಕ್ಕಿನ ಮೇಲೆ.

ಬೆಕ್ಕು ನಮ್ಮ ಮನೆಗೆ ಬಂದು ನಾಲ್ಕು ವರ್ಷವಾಯಿತು. ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ಗೋಕುಲ ರಸ್ತೆಯಲ್ಲಿ ದಾದಾಪೀರ ಎಂಬವರು ಸೀಟ್ ಕವರ್ ಹೊಲಿಯುವ ಅಂಗಡಿ ಇಟ್ಟಿದ್ದಾರೆ. ನನ್ನ ಸ್ಕೂಟರಿನ ಸೀಟು ಹರಿದಿತ್ತೆಂದು ಹೋಗಿದ್ದೆವು. ಹೋಗಿದ್ದೆವು ಎಂದರೆ ನಾನು ಮತ್ತು ಹಿಂದೆ ಕುಳಿತಿದ್ದ ನನ್ನ ಹೆಂಡತಿ ಗಿರಿಜಾ. ಅಂಗಡಿಯ ಮೂಲೆಯಲ್ಲಿ ಸ್ಪಂಜಿನ ಚೂರುಗಳ ನಡುವೆ ಒಂದು ಮರಿ ಮಲಗಿತ್ತು. ಬರುವಾಗ ಸ್ಕೂಟರಿಗೆ ಹೊಸ ಸೀಟು ಬಂದಿತ್ತು, ಗಿರಿಜಾಳ ಸೆರಗಿನಲ್ಲಿ ಮರಿ ಬಂದಿತ್ತು. ಬಂದ ಮೂರನೆಯ ದಿನ ಅದು ನನ್ನ ಆರಾಮ ಕುರ್ಚಿ ಹತ್ತಿ ಕುಳಿತು, ಎದುರಿಗೆ ನಿಂತಿದ್ದ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಆಕಳಿಸಿತು. "ಥೇಟ್ ನಿಮ್ಮ ಆಫೀಸಿನ ಸಾಹೇಬ್ರ ಗತೆ ಕುಂತಾರ ನೋಡ್ರಿ" ಎಂದಳು ಗಿರಿಜಾ. ಅಂದಿನಿಂದ ಅದರ ಹೆಸರು ಸಾಹೇಬ್ರು. ಸಾಹೇಬ್ರು ಎಂದ ಮೇಲೆ ಬಹುವಚನ ತಪ್ಪೀತೇ? ಸಾಹೇಬ್ರು ಉಂಡರು, ಸಾಹೇಬ್ರು ಮಲಗಿದರು, ಸಾಹೇಬ್ರು ಇಂದು ಯಾಕೋ ಸಿಟ್ಟಿನಲ್ಲಿದ್ದಾರೆ.

ಇದು ನನಗೆ ಎಲ್ಲಿ ಚುಚ್ಚಿತು ಎಂದು ಹೇಳಬೇಕು. ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ನಾನು ಮೂವತ್ತು ವರ್ಷದಿಂದ ಗುಮಾಸ್ತ. ಹುಬ್ಬಳ್ಳಿಯ ಬೆಂಗೇರಿಯ ಮನೆಯಿಂದ ದಿನವೂ ಹೋಗಿ ಬರುತ್ತೇನೆ. ಈ ಮೂವತ್ತು ವರ್ಷದಲ್ಲಿ ಎಷ್ಟು ಜನರಿಗೆ ಸಾಹೇಬ್ರ, ಸಾಹೇಬ್ರ ಎಂದಿದ್ದೇನೋ ಲೆಕ್ಕವಿಲ್ಲ. ನನಗೆ ಹಾಗೆ ಅನ್ನುವವರು ದಾದಾಪೀರ ಒಬ್ಬರೇ, ಅವರು ಸೀಟು ಹರಿದ ಎಲ್ಲರಿಗೂ ಅನ್ನುತ್ತಾರೆ. ನಾನು ಮುಟ್ಟಲಾಗದ ಪದವಿಯನ್ನು ಈ ಪ್ರಾಣಿ ಒಂದು ಆಕಳಿಕೆಯಲ್ಲಿ ಗಿಟ್ಟಿಸಿತ್ತು. ಹಾಗಾಗಿ ನಾನೊಂದು ಶಪಥ ಮಾಡಿದೆ. ಏನೇ ಆಗಲಿ, ನನ್ನ ಬಾಯಿಂದ ಅದಕ್ಕೆ ಸಾಹೇಬ್ರು ಎಂದು ಬರಬಾರದು. ನಾನು 'ಅದು' ಎನ್ನುತ್ತಿದ್ದೆ, ಬಹಳವಾದರೆ 'ನಿನ್ನ ಬೆಕ್ಕು' ಎನ್ನುತ್ತಿದ್ದೆ.

ಹೀಗಿರುವಾಗ ದಿಲ್ಲಿಯಲ್ಲಿರುವ ಗಿರಿಜಾಳ ಅಕ್ಕನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಎಂದು ಸುದ್ದಿ ಬಂತು. ಗಿರಿಜಾ ಒಂದು ತಿಂಗಳ ಮಟ್ಟಿಗೆ ಹೋಗುವುದು, ವಿಮಾನದಲ್ಲಿ ಹೋಗುವುದು ಎಂದು ಆಯಿತು. ನಾವಿಬ್ಬರೂ ಅದುವರೆಗೆ ವಿಮಾನವನ್ನು ದಾದಾಪೀರರ ಅಂಗಡಿಯ ಮುಂದೆ ನಿಂತು ಕತ್ತೆತ್ತಿ ನೋಡಿದವರೇ ಹೊರತು ಹತ್ತಿದವರಲ್ಲ. ಮೊದಲ ಸಲ ಹತ್ತುವಾಗ ಜೊತೆಗೆ ಬರ್ರಿ ಎಂದು ಕರೆದಾಳು ಎಂದು ನಾನು ಎರಡು ದಿನ ಕಾದೆ. ಮೂರನೆಯ ದಿನ ಅವಳು ಊಟಕ್ಕೆ ಬಡಿಸುತ್ತ, ಸಾಹೇಬ್ರನ್ನು ಕರೆದುಕೊಂಡು ಹೋಗುವುದಾಗಿ ಹೇಳಿದಳು. ಕಳೆದ ವರ್ಷ ಅವಳು ನಾಲ್ಕು ದಿನ ತವರಿಗೆ ಹೋಗಿದ್ದಾಗ ಸಾಹೇಬ್ರು ನನ್ನ ಉಸ್ತುವಾರಿಯಲ್ಲಿ ಸೊರಗಿದ್ದರಂತೆ. ಅದೇ ನಾಲ್ಕು ದಿನ ನಾನೂ ಅವಲಕ್ಕಿ ತಿಂದು ಸೊರಗಿದ್ದೆ. ಅದನ್ನು ಗಮನಿಸಿದವರು ಯಾರೂ ಇಲ್ಲ.

ಮುಂದಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ವಿಮಾನ ಕಂಪನಿಯ ನಿಯಮಗಳ ಪಾರಾಯಣವೇ ನಡೆಯಿತು. ಗಿರಿಜಾ ಫೋನಿನಲ್ಲಿ ಹುಡುಕಿ ಹುಡುಕಿ ಓದುವಳು, ನಾನು ಕೇಳಿ ಕೇಳಿ ಉರಿಯುವವನು. ಬೆಕ್ಕು ಮೆತ್ತನೆಯ ಚೀಲದಲ್ಲಿರಬೇಕು. ಚೀಲಕ್ಕೆ ಗಾಳಿಯಾಡುವ ಜಾಲರಿ ಇರಬೇಕು. ಒಳಗೆ ಅದು ಎದ್ದು ನಿಂತು ಸುತ್ತ ತಿರುಗುವಷ್ಟು ಜಾಗವಿರಬೇಕು. ಚೀಲದ ಸಮೇತ ತೂಕ ಏಳು ಕಿಲೋ ಮೀರಬಾರದು. ಹುಚ್ಚುನಾಯಿ ರೋಗದ ಚುಚ್ಚುಮದ್ದು ಆಗಿರಬೇಕು, ಪ್ರಯಾಣಕ್ಕೆ ಯೋಗ್ಯವೆಂದು ಪಶುವೈದ್ಯರ ಪ್ರಮಾಣಪತ್ರ ಬೇಕು. ಮುಂಚಿತವಾಗಿ ತಿಳಿಸಿ ಕಂಪನಿಯ ಒಪ್ಪಿಗೆ ಪಡೆಯಬೇಕು. ಪಶುವೈದ್ಯರು ಅದರ ಹಲ್ಲು, ಕಣ್ಣು, ಕಿವಿ ನೋಡಿ, ಬೆನ್ನು ಸವರಿ, 'ಯೋಗ್ಯ' ಎಂದು ಬರೆದು ಮೊಹರು ಒತ್ತಿಕೊಟ್ಟರು. ನನ್ನನ್ನು ಇಷ್ಟು ವರ್ಷದಲ್ಲಿ ಯಾವುದಕ್ಕಾದರೂ ಯೋಗ್ಯ ಎಂದು ಯಾರೂ ಬಾಯಿಮಾತಿಗೂ ಹೇಳಿದ್ದಿಲ್ಲ.

ಚೀಲ ಹೊಲಿಯುವ ಕೆಲಸ ದಾದಾಪೀರರಿಗೆ ಹೋಯಿತು. ಅಳತೆ ಕೊಡಲು ಬೆಕ್ಕನ್ನೂ ಒಯ್ದಿದ್ದೆವು. ಅವರು ಟೇಪು ಹಿಡಿದು ಮೂಗಿನಿಂದ ಬಾಲದವರೆಗೆ ಅಳೆದು, ಒಳಗೆ ಎರಡು ಪದರ ಸ್ಪಂಜು ಹಾಕುವುದಾಗಿ ಹೇಳಿದರು. ನನ್ನ ಸ್ಕೂಟರಿಗೆ ಒಂದೇ ಪದರ ಹಾಕಿದ್ದನ್ನು ನೆನಪಿಸಿದೆ. "ಇದು ಇವರ ತೌರಮನಿ ಅಲ್ರಿ ಸಾಹೇಬ್ರ, ಕಡಿಮಿ ಮಾಡಾಕ ಬರ್ತೈತೇನು?" ಎಂದರು.

ಆ ದಿನವೇ ನನ್ನ ತಲೆಯಲ್ಲಿ ಒಂದು ಕುಬುದ್ಧಿ ಹುಟ್ಟಿತು. ಏಳು ಕಿಲೋ ದಾಟಿದರೆ ಬೆಕ್ಕು ವಿಮಾನ ಹತ್ತುವಂತಿಲ್ಲ. ಬೆಕ್ಕು ಹತ್ತದಿದ್ದರೆ ಅದು ತೌರುಮನೆಗೆ, ಅಂದರೆ ದಾದಾಪೀರರ ಅಂಗಡಿಗೆ ಹೋಗುತ್ತದೆ. ಆಗ ಗಿರಿಜಾಳಿಗೆ ಜೊತೆ ಬೇಕಾಗುತ್ತದೆ. ಗಿರಿಜಾ ದಿನವೂ ಬೆಳಿಗ್ಗೆ ಆರಕ್ಕೆ ವಾಕಿಂಗಿಗೆ ಹೋಗುತ್ತಾಳೆ. ಅವಳು ಗೇಟು ದಾಟಿದ್ದೇ ತಡ, ನಾನು ಹಾಲಿನ ಪಾತ್ರೆಯಿಂದ ಕೆನೆ ತೆಗೆದು ಬೆಕ್ಕಿನ ಮುಂದೆ ಇಡತೊಡಗಿದೆ. ಅದು ಮೂಸಿ, ನನ್ನ ಮುಖ ನೋಡಿ, ಸುಮ್ಮನೆ ಕುಳಿತಿತು. ನನ್ನ ಮೇಲೆ ಅನುಮಾನ. ನಂಬಿಕೆ ಹುಟ್ಟಿಸಲು ನಾನೇ ಒಂದು ಚಮಚ ಕೆನೆಗೆ ಸಕ್ಕರೆ ಹಾಕಿಕೊಂಡು ತಿಂದು ತೋರಿಸಿದೆ. ಆಮೇಲೆ ಅದು ತಿಂದಿತು. ಹೀಗೆ ಅದಕ್ಕೊಂದು ಚಮಚ, ನನಗೊಂದು ಚಮಚ ಎಂದು ಅಡುಗೆಮನೆಯ ನೆಲದ ಮೇಲೆ ಎದುರುಬದುರು ಕುಳಿತು ಎರಡು ವಾರ ನಡೆಸಿದೆವು. ಕೊನೆಕೊನೆಗೆ ಗೇಟಿನ ಸದ್ದಾದ ಕೂಡಲೇ ಅದು ಬಂದು ನನ್ನ ಹಾಸಿಗೆಯ ಬಳಿ ನಿಂತು ಕೂಗುತ್ತಿತ್ತು. ಚೀಲ ಸಿದ್ಧವಾದ ಮೇಲೆ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಚೀಲ ಸಮೇತ ಬರೋಬ್ಬರಿ ಆರೂವರೆ ಕಿಲೋ. ನನ್ನ ಪ್ಯಾಂಟು ಮಾತ್ರ ಸೊಂಟದಲ್ಲಿ ಬಿಗಿಯಾಗಿತ್ತು.

ಸೋತು ಕುಳಿತಿದ್ದ ಮರುದಿನವೇ ನನ್ನ ಫೋನಿಗೆ ಟಿಕೆಟು ಬಂತು. ನಮಗೆ ಯಾವಾಗಲೂ ರೈಲಿನ ಟಿಕೆಟು ಮಾಡಿಕೊಡುವ ಈರಣ್ಣ ಕಳಿಸಿದ್ದ. ತೆರೆದು ನೋಡಿದೆ. ಹುಬ್ಬಳ್ಳಿಯಿಂದ ದಿಲ್ಲಿಗೆ ಎರಡು ಸೀಟು, ಅಕ್ಕಪಕ್ಕ. ಒಂದರ ಮುಂದೆ ಗಿರಿಜಾಳ ಹೆಸರು. ಇನ್ನೊಂದರ ಮುಂದೆ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಸಮೇತ.

ಆ ಟಿಕೆಟನ್ನು ಕಚೇರಿಯಲ್ಲಿ ಫೈಲಿನ ಮರೆಯಲ್ಲಿ ಇಟ್ಟುಕೊಂಡು ಎಷ್ಟು ಸಲ ನೋಡಿದೆನೋ. ನನಗೆ ನಾಚಿಕೆಯಾಯಿತು, ಸಂತೋಷವಾಯಿತು, ಕಣ್ಣು ಸ್ವಲ್ಪ ಮಂಜಾಯಿತು. ನಾನು ಹೊಟ್ಟೆ ಉರಿಸಿಕೊಳ್ಳುತ್ತಿದ್ದಾಗ ಅವಳು ನನಗೆ ತಿಳಿಯದಂತೆ ಸೀಟು ಹಿಡಿಸಿದ್ದಾಳೆ. ಟಿಕೆಟು ಬಂತು ಎಂದಷ್ಟೇ ಹೇಳಿದೆ; ನನ್ನ ಸೀಟಿನ ಮಾತನ್ನು ಅವಳಾಗಿ ಎತ್ತಲಿ ಎಂದು ಬಾಯಿ ಬಿಡಲಿಲ್ಲ. ಹದಿನೈದು ದಿನದ ರಜೆ ಮಂಜೂರು ಮಾಡಿಸಿಕೊಂಡೆ. ಒಂದು ಹೊಸ ಸ್ವೆಟರು ತಂದು ಬೀರುವಿನ ಹಿಂದೆ ಬಚ್ಚಿಟ್ಟೆ. ಬೆಕ್ಕಿನ ಮೇಲೂ ಕರುಣೆ ಹುಟ್ಟಿತು. ಪಾಪ, ಕಾಲ ಬಳಿ ಚೀಲದಲ್ಲಿ ಬರುವ ಪ್ರಾಣಿ, ಸೀಟಿನಲ್ಲಿ ಕೂರುವ ನನಗೆ ಅದು ಸರಿಸಮವೇ ಎಂದುಕೊಂಡು ಕೆನೆಯನ್ನು ನಿಲ್ಲಿಸದೆ ಮುಂದುವರಿಸಿದೆ. ಈಗ ಅದರಲ್ಲಿ ಯಾವ ದುರುದ್ದೇಶವೂ ಇರಲಿಲ್ಲ.

ಹೊರಡುವ ಹಿಂದಿನ ದಿನ ಸಂಜೆ ಗಿರಿಜಾ ಬೆಕ್ಕಿನ ಕಾಗದಗಳನ್ನು ಜೋಡಿಸಿಕೊಂಡು, ಕಂಪನಿಯ ಒಪ್ಪಿಗೆ ಪತ್ರ ಇನ್ನೂ ಬಂದಿಲ್ಲವಲ್ಲ ಎಂದು ಸ್ಪೀಕರ್ ಹಾಕಿ ಈರಣ್ಣನಿಗೆ ಫೋನು ಮಾಡಿದಳು. ಯಾವ ಒಪ್ಪಿಗೆ ಎಂದು ಅವನು ಕೇಳಿದ. ಸಾಹೇಬ್ರದು ಎಂದಳು. ಸಾಹೇಬ್ರಿಗೆ ಯಾಕೆ ಒಪ್ಪಿಗೆ ಎಂದ. ಬೆಕ್ಕಿಗೆ ಬೇಡವೇ ಎಂದಳು. ಆ ಕಡೆ ಅವನು ಕಾಗದ ತಿರುವಿ ಹಾಕುವ ಸದ್ದು ಕೇಳಿಸಿತು.

"ಅಕ್ಕಾರ," ಎಂದ ಕೊನೆಗೆ, "ನಾನು ಮತ್ತ ಸಾಹೇಬ್ರು ಇಬ್ಬರೂ ಹೊಂಟೀವಿ ಅಂದ್ರಿ. ಸಾಹೇಬ್ರು ಚೀಲ ಸಮೇತ ಆರೂವರಿ ಕಿಲೋ ಅಂದ್ರಿ. ಕೈಚೀಲ ಏಳು ಕಿಲೋದ ತನಕಾ ನಡೀತೈತಿ ಅಂತ ನಾನೂ ಹೂಂ ಅಂದೆ. ಸಾಹೇಬ್ರು ಅಂದ್ರ ನಿಮ್ಮ ಯಜಮಾನ್ರು ಅಂತ ತಿಳದೆ. ಅವರ ಹೆಸರು ನನ್ನ ಕಡೆ ಮೊದಲ ಇತ್ತಲ್ರಿ, ಹಾಕಿಬಿಟ್ಟೆ."

ಬೆಕ್ಕಿಗೆ ಒಪ್ಪಿಗೆ ಪಡೆಯಲು ಎರಡು ದಿನ ಮೊದಲಾದರೂ ತಿಳಿಸಬೇಕಿತ್ತಂತೆ. ಇನ್ನು ಆಗುವುದಿಲ್ಲ ಎಂದ. ಗಿರಿಜಾ ಫೋನಿಟ್ಟು ನನ್ನ ಕಡೆ ನೋಡಿದಳು. ವಿಳಾಸ ತಪ್ಪಿ ಬಂದ ಪಾರ್ಸೆಲ್ಲನ್ನು ನೋಡುವ ನೋಟ. ನಾನು ಆಗಷ್ಟೇ ಬೀರುವಿನ ಹಿಂದಿನಿಂದ ಸ್ವೆಟರು ತೆಗೆದು ಪೆಟ್ಟಿಗೆಗೆ ಹಾಕುತ್ತಿದ್ದೆ. ಅದನ್ನೂ, ಮೇಲಿದ್ದ ರಜೆಯ ಪತ್ರವನ್ನೂ ಅವಳು ನೋಡಿದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಎರಡು ವಾರ ನಾನು ಬೆಕ್ಕಿನ ಟಿಕೆಟು ನೋಡಿ ಕಣ್ಣು ಮಂಜು ಮಾಡಿಕೊಂಡಿದ್ದೆ.

"ನಿಮಗ ಬರೂ ಮನಸಿತ್ತೇನು?" ಎಂದಳು.

"ನೀ ಕರೀಲಿಲ್ಲ," ಎಂದೆ.

"ಕರೀಬೇಕೇನು? ಮೂವತ್ತೊಂದು ವರ್ಷದಾಗ ನಾ ಕರೆದಲ್ಲೆಲ್ಲಾ ರಜಾ ಇಲ್ಲ ಅಂತ ಅಂದೀರಿ. ಕಡೀಕ ಕರೆಯೂದು ಬಿಟ್ಟೆ. ನಾನೂ ಬರ್ತೇನಿ ಅಂತ ಒಂದ ಮಾತು ನಿಮ್ಮ ಬಾಯಿಂದ ಬಂದೈತೇನ್ರಿ?"

ನೆನಪು ಮಾಡಿಕೊಂಡೆ. ಬಂದಿರಲಿಲ್ಲ. ಅವಳು ಪೆಟ್ಟಿಗೆಯಿಂದ ಬೆಕ್ಕಿನ ಬಟ್ಟಲು ತೆಗೆದು, ಆ ಜಾಗದಲ್ಲಿ ನನ್ನ ಬಿ.ಪಿ. ಗುಳಿಗೆ ಇಟ್ಟಳು.

ಮರುದಿನ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಬೆಕ್ಕನ್ನು ದಾದಾಪೀರರಿಗೆ ಒಪ್ಪಿಸಿದೆವು. ಮುಂದೆ ಆಟೋದಲ್ಲಿ ಹೋಗುವುದೆಂದು ನನ್ನ ಸ್ಕೂಟರನ್ನೂ ಅಲ್ಲೇ ಬಿಟ್ಟೆ. ಗಿರಿಜಾ ತನ್ನ ಹಳೆಯ ಇಳಕಲ್ಲ ಸೀರೆಯ ತುಂಡೊಂದನ್ನು ಕೊಟ್ಟು, ವಾಸನೆ ಹಿಡಿದು ಸಮಾಧಾನವಾಗಿರುತ್ತಾರೆ ಎಂದು ಹೇಳಿ ಕಣ್ಣೊರೆಸಿಕೊಂಡಳು. ವಿಮಾನದಲ್ಲಿ ಕುಳಿತ ಮೇಲೆ ನನಗೆ ತಿಳಿದದ್ದೆಂದರೆ, ಎದ್ದು ನಿಂತು ಸುತ್ತ ತಿರುಗುವಷ್ಟು ಜಾಗವಿರಬೇಕೆಂಬ ನಿಯಮ ಬೆಕ್ಕುಗಳಿಗೆ ಮಾತ್ರ. ನನ್ನ ಮೊಣಕಾಲು ಮುಂದಿನವರ ಬೆನ್ನಿಗೆ ತಾಗಿತ್ತು. ಮೇಲೇರುವಾಗ ಗಿರಿಜಾ ಹೆದರಿ ನನ್ನ ಕೈ ಹಿಡಿದಳು. ಅವಳು ಬಿಡದಿರಲಿ ಎಂದು ನಾನು ಮೋಡ ದಾಟಿದ ಮೇಲೂ ಹೆದರಿದವನಂತೆ ನಟಿಸಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಬೆಕ್ಕಿನ ಮೇಲೆ ಗೆದ್ದಿದ್ದೆ.

ಆ ಗೆಲುವು ಮೂರು ದಿನ ಬಾಳಿತು. ಮೂರನೆಯ ದಿನ ಅಕ್ಕನ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಗಿರಿಜಾ ದಾದಾಪೀರರಿಗೆ ಫೋನು ಮಾಡಿ ನನಗೂ ಕೇಳುವಂತೆ ದನಿ ದೊಡ್ಡದು ಮಾಡಿದಳು. ಸಾಹೇಬ್ರು ಉಂಡರೇ ಎಂದು ಕೇಳಿದಳು.

"ಎಲ್ಲಿ ಉಣ್ಣೂದ್ರಿ ಅಕ್ಕಾರ," ಎಂದರು ಅವರು. "ನಿಮ್ಮ ಸೀರಿ ಹಾಸೀನಿ, ಅದರ ಮ್ಯಾಲ ಕಾಲಿಡವಲ್ರು. ನಮ್ಮ ಸಾಹೇಬ್ರ ಸ್ಕೂಟರ್ ಐತಲ್ರಿ, ಅದರ ಸೀಟಿನ ಮ್ಯಾಲ ಕುಂತು ರಸ್ತಾ ನೋಡ್ತಾರ. ಮುಂಜಾನೆ ಆರಕ್ಕ ಅಂಗಡಿ ಬಾಗಲಾ ತಗದ್ರ ಸಾಕು, ಒದರಾಕ ಚಾಲೂ ಮಾಡ್ತಾರ."

ಗಿರಿಜಾ ಹುಬ್ಬು ಗಂಟಿಕ್ಕಿದಳು. ಆರಕ್ಕೆ ತಾನು ಮನೆಯಲ್ಲೇ ಇರುವುದಿಲ್ಲ, ಯಾರನ್ನು ಕೂಗುತ್ತಾರೆ ಎಂದು ನನ್ನನ್ನು ಕೇಳಿದಳು. ನಾನು ಚಹಾದ ಕಪ್ಪಿನೊಳಗೆ ನೋಡಿದೆ. ಕೊನೆಗೆ ಕೆನೆಯ ಕತೆಯನ್ನೆಲ್ಲ ಹೇಳಿಬಿಟ್ಟೆ, ಒಂದು ಚಮಚ ಅದಕ್ಕೆ, ಒಂದು ಚಮಚ ನನಗೆ ಎಂಬವರೆಗೆ. ಅವಳು ಸಿಟ್ಟು ಮಾಡಲಿಲ್ಲ, ನಗಲೂ ಇಲ್ಲ.

"ನಾಲ್ಕು ವರ್ಷ ಹಾಲು ಹಾಕಿದಾಕಿ ನಾನು," ಎಂದಷ್ಟೇ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದಳು. ಅವಳ ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ವರ್ಷಗಟ್ಟಲೆ ನೋಡಿದ ಮುಖ ಅದು. ನನ್ನ ಮೇಲೆ ಒಬ್ಬರು ಹೊಟ್ಟೆಕಿಚ್ಚು ಪಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ಹಿಗ್ಗಬೇಕಿತ್ತು. ಆದರೆ ಆ ಹೊತ್ತಿಗೆ ನನ್ನ ಮನಸ್ಸು ಗೋಕುಲ ರಸ್ತೆಯಲ್ಲಿ, ಒಂದೇ ಪದರ ಸ್ಪಂಜಿನ ಸೀಟಿನ ಮೇಲೆ ಉಪವಾಸ ಕುಳಿತವರ ಹತ್ತಿರ ಹೋಗಿಬಿಟ್ಟಿತ್ತು.

ಫೋನನ್ನು ಸ್ವಲ್ಪ ಅವರ ಕಿವಿಗೆ ಹಿಡಿಯಿರಿ ಎಂದು ದಾದಾಪೀರರನ್ನು ಕೇಳಿಕೊಂಡೆ. ಆ ಕಡೆ ಲಾರಿಯ ಸದ್ದು, ಹೊಲಿಗೆ ಯಂತ್ರದ ಸದ್ದು, ನಡುವೆ ಸಣ್ಣಗೆ ಉಸಿರಾಡುವ ಸದ್ದು ಕೇಳಿಸಿತು.

"ಸಾಹೇಬ್ರ," ಎಂದೆ, "ನಾನ್ರಿ. ಸ್ವಲ್ಪರ ಉಣ್ರಿ. ಲಗೂನ ಬರ್ತೇನಿ."

ಹೇಳಿ ಮುಗಿಸಿದ ಮೇಲೆ ನೋಡಿಕೊಂಡರೆ, ಮೂವತ್ತು ವರ್ಷದ ರೂಢಿ, ಕುರ್ಚಿಯಿಂದ ಎದ್ದು ನಿಂತಿದ್ದೆ.