ಗಪ್ಪಿ ಮೀನುಗಳಿಗೆ ನಾನು ಮಾಡಿಸಿದ ಲಗ್ನ

"ಹಿಡೀರಿ, ಹಿಡೀರಿ! ಆ ಕೇಸರಿ ಬಾಲದ್ದು ಹಿಡೀರಿ!" ಎಂದು ನನ್ನ ಹೆಂಡತಿ ರೇಣುಕಾ ಕೂಗಿದಳು.

ನನ್ನ ಬಲಗೈ ಹೆಗಲವರೆಗೆ ಗಾಜಿನ ತೊಟ್ಟಿಯೊಳಗಿತ್ತು. ಅಂಗಿ ತೋಯ್ದು ಮೈಗೆ ಅಂಟಿತ್ತು. ಮೀನು ಎಂದರೆ ದೊಡ್ಡದು ಎಂದು ತಿಳಿಯಬೇಡಿ. ಗಪ್ಪಿ ಮೀನು. ಕಿರುಬೆರಳಿನ ಅರ್ಧ ಉದ್ದ. ಆದರೆ ಹಿಡಿಯಲು ಹೋದರೆ ಅದಕ್ಕಿಂತ ಚಾಲಾಕಿ ಪ್ರಾಣಿ ಇಡೀ ತುರ್ಭೆಯಲ್ಲಿಲ್ಲ.

"ನಿಂದರ ಸ್ವಲ್ಪ. ಜಾರ್ತಾವ ಇವು."

"ಕ್ವಿಂಟಲ್‌ಗಟ್ಟಲೆ ಚೀಲ ಹೊರೂ ಕೈಗೆ ಇಷ್ಟ ಮೀನ ಹಿಡ್ಯಾಕ ಬರೂದಿಲ್ಲ? ಅಯ್ಯ, ಅದಲ್ಲರೀ! ಅದು ಮುದುಕ ಐತಿ. ಬಾಜೂದ್ದು ನೋಡ್ರಿ, ಹರೇದ್ದು."

"ನಿನಗ ಮೀನ ಬೇಕೋ, ವರ ಬೇಕೋ?"

"ವರಾನ ಬೇಕು. ಅದಕ್ಕ ಅಲ್ಲೇನು ನಾವು ಬಂದದ್ದು?"

ಅದು ನಿಜ. ಆ ರವಿವಾರ ನಾವಿಬ್ಬರೂ ವರ ನೋಡಲು ಬಂದಿದ್ದೆವು. ಕನ್ಯೆಯರು ಪಕ್ಕದ ತೊಟ್ಟಿಯಲ್ಲಿ ಕಾಯುತ್ತಿದ್ದರು.

ಈಗ ಹಿಂದಿನದು ಹೇಳುತ್ತೇನೆ. ನಾನು ಮಲ್ಲು, ವಿಜಯಪುರದ ಕಡೆಯವನು. ಆರನೇ ಇಯತ್ತೆಗೇ ಶಾಲೆಗೆ ಶರಣು ಹೊಡೆದೆ. ತುರ್ಭೆ ಮಾರ್ಕೆಟ್ಟಿನಲ್ಲಿ ಚೀಲ ಹೊರುತ್ತೇನೆ. ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ಶೇಟ್ ಒಬ್ಬರಿದ್ದಾರೆ. ಉಡುಪಿ ಕಡೆಯವರು. ಅವರದೊಂದು ಗಾಳಾ, ಅಂದರೆ ಶಟರಿನ ಗೋದಾಮು, ನಮ್ಮ ವಸ್ತಿಯ ಹತ್ತಿರವೇ ಇದೆ. ಅದರಲ್ಲಿ ಹೋಟೆಲಿನ ಈರುಳ್ಳಿ ಇರುತ್ತಿತ್ತು. ಅವರ ಮಗಳು ಸುಪ್ರಿಯಾ ಮೇಡಂ ದೊಡ್ಡ ಓದು ಓದುತ್ತಾರೆ. ಮಗಳಿಗಾಗಿ ಶೇಟ್ ಈರುಳ್ಳಿ ತೆಗೆಸಿ ಮೀನು ಇಡಿಸಿದರು. ಷರತ್ತು ಒಂದೇ. ಗಣಪತಿ ಹಬ್ಬದೊಳಗೆ ಮೇಡಂಗೆ ಕಲಿಸುವ ಸರ್ ಬಂದು ನೋಡಿ, ಕೆಲಸ ಸರಿಯಿದೆ ಎನ್ನಬೇಕು. ಇಲ್ಲದಿದ್ದರೆ ಮೀನು ಹೊರಗೆ, ಈರುಳ್ಳಿ ಒಳಗೆ, ಮೇಡಂ ಓದು ಬಿಟ್ಟು ಹೋಟೆಲಿನ ಗಲ್ಲೆಯ ಮೇಲೆ, ದುಡ್ಡು ಎಣಿಸುತ್ತ!

ಮೀನುಗಳಿಗೆ ನೀರು ಬದಲಿಸಲು, ಕಾಳು ಹಾಕಲು ನನ್ನನ್ನು ಇಟ್ಟುಕೊಂಡರು. ಕನ್ನಡ ಬರುತ್ತದೆ, ನಾಲಾಕ್ಕೆ, ಅಂದರೆ ಕಾರ್ಖಾನೆಗಳ ಹೊಲಸು ನೀರು ಹರಿಯುವ ಕಾಲುವೆಗೆ, ಇಳಿಯಲು ಹೇಸುವುದಿಲ್ಲ. ನನ್ನಲ್ಲಿದ್ದ ಯೋಗ್ಯತೆ ಇವೆರಡೇ.

ಮೇಡಂ ಮೊದಲ ದಿನವೇ ಲ್ಯಾಪ್‌ಟಾಪ್ ತೆರೆದು ನನಗೆ ತಿಳಿಸಿ ಹೇಳಿದರು. ನನಗೆ ಯಾರೂ ಅಷ್ಟು ಮರ್ಯಾದೆಯಿಂದ ಏನನ್ನೂ ತಿಳಿಸಿ ಹೇಳಿರಲಿಲ್ಲ.

"ನೋಡು ಮಲ್ಲು, ನೀಲಿ ಮುಚ್ಚಳದ ಟ್ಯಾಂಕಲ್ಲಿ ನಾಲಾದ ಗಪ್ಪಿ. ಬಿಳಿ ಮುಚ್ಚಳದಲ್ಲಿ ಕಾಮೋಠೆ ಕಡೆಯ ಒಳ್ಳೆ ನೀರಿನ ಹೊಂಡದ ಗಪ್ಪಿ. ಜಾತಿ ಒಂದೇ. ಆದ್ರೆ ಬಣ್ಣದ ನೀರು, ಕೆಮಿಕಲ್ ನೀರು ನಾಲಾದವಕ್ಕೆ ತಡೀತದೆ. ಹೊಂಡದವು ಅದೇ ನೀರಲ್ಲಿ ಒದ್ದಾಡ್ತವೆ."

"ರೂಢಿ ಆಗಿರತೈತ್ರಿ ಮೇಡಂ. ನಾನೂ ಊರಿಂದ ಬಂದಾಗ ಇಲ್ಲಿ ನೀರು ಕುಡದು ವಾರಗಟ್ಟಲೆ ಚೆಂಬು ಹಿಡದಿದ್ದೆ. ಈಗ ಏನೂ ಆಗೂದಿಲ್ಲ."

ಮೇಡಂ ನಕ್ಕರು. "ಅಲ್ಲ ಮಾರಾಯ, ಅದು ನಿನ್ನ ಹೊಟ್ಟೆಗೆ ಮಾತ್ರ ಆದ ರೂಢಿ. ನಿನ್ನ ಮಕ್ಕಳಿಗೆ ಬರೂದಿಲ್ಲ. ಇದು ರಕ್ತದಲ್ಲೇ ಬಂದದ್ದು, ಮರಿಗೂ ಬರ್ತದೆ. ಅದಕ್ಕೇ ಒಳ್ಳೆ ನೀರಲ್ಲಿ ಹುಟ್ಟಿದ ಮರಿಗಳನ್ನೇ ನಾನು ಟೆಸ್ಟ್ ಮಾಡೂದು. ಈಗ ಹೇಳು, ಮಳೆಗಾಲದಲ್ಲಿ ಹೊಂಡದ ಮೀನು ನಾಲಾಕ್ಕೆ ಬಂದು ಅಲ್ಲಿಯವುಗಳ ಜೊತೆ ಮರಿ ಹಾಕಿದ್ರೆ ಎಂಥ ಆಗ್ತದೆ?"

"ಸಾರಿಗೆ ನೀರು ಬೆರಸಿದಂಗ. ತೆಳ್ಳಗ, ಪಾತಳ ಆಗತೈತಿ."

"ಬರೋಬ್ಬರ್! ಎಷ್ಟು ಬಂದ್ರೆ ಎಷ್ಟು ಪಾತಳ, ಎಲ್ಲಿವರೆಗೆ ಆ ಶಕ್ತಿ ಉಳೀತದೆ, ಎಲ್ಲಿ ಹೋಗ್ತದೆ, ಅಷ್ಟೇ ನನ್ನ ಗಣಿತ. ಅದಕ್ಕೆ ಮೀನು ಹಿಡಿಯುವ ಜಾಳಿ ಎರಡು ಅಲಗ್ ಅಲಗ್, ಬಕೆಟ್ ಎರಡು ಅಲಗ್ ಅಲಗ್. ಮಿಕ್ಸ್ ಆಗ್ಬಾರ್ದು. ಸಮ್ಝಾ?"

"ಸಮ್ಝಾ ಮೇಡಂ," ಎಂದೆ. ನಿಜವಾಗಿಯೂ ಎಲ್ಲ ತಿಳಿಯಿತು ಎಂದುಕೊಂಡಿದ್ದೆ. ಅಂದು ಸಂಜೆ ವಸ್ತಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ನಾನೇ ಸಾರಿನ ಗಣಿತ ಹೇಳಿಕೊಟ್ಟೆ!

ಆಮೇಲೆ ಮೇಡಂ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಪ್ಲಾಸ್ಟರ್ ಬಿತ್ತು. ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಗಣಿತ ಮಾಡುತ್ತಿದ್ದರು. ಗಾಳಾದ ಚಾವಿ ನನ್ನ ಕೈಗೆ ಬಂತು. ಯಾರಾದರೂ ಚಾವಿ ಕೊಟ್ಟರೆ ನನ್ನಂಥವನ ಎದೆ ತಾನಾಗಿಯೇ ಮುಂದೆ ಬರುತ್ತದೆ.

ಆ ಎದೆಯನ್ನು ಹೆಂಡತಿಗೆ ತೋರಿಸಲೆಂದೇ ರವಿವಾರ ರೇಣುಕಾಳನ್ನು ಕರೆತಂದೆ. ಅವಳು ಎಲ್ಲ ತೊಟ್ಟಿ ನೋಡುತ್ತ ಬಂದು ಮೂಲೆಯ ಎರಡು ತೊಟ್ಟಿಗಳ ಮುಂದೆ ನಿಂತುಬಿಟ್ಟಳು. ಒಂದಕ್ಕೆ ನೀಲಿ ಮುಚ್ಚಳ, ಇನ್ನೊಂದಕ್ಕೆ ಬಿಳಿ.

"ಇವು ಯಾಕ ಎಲ್ಲಾ ಬೂದಬಣ್ಣದ್ದ ಅದಾವ?"

"ಎಲ್ಲಾ ಹೆಣ್ಣು. ಬಣ್ಣದ್ದು ಗಂಡು. ಇವನ್ನ ಮೇಡಂ ಬ್ಯಾರೆ ಇಟ್ಟಾರ."

"ಹರೇದ ಹೆಣಮಕ್ಕಳನ ಹಿಂಗ ಕೂಡಿಹಾಕತಾರೇನ್ರೀ? ಯಾರರ ಒಬ್ಬರು ಅವರ ಬಗ್ಗೆ ವಿಚಾರ ಮಾಡ್ಯಾರೇನು? ಪಾಪ ತಟ್ಟತೈತಿ ನಿಮಗ."

ನಮಗೆ ಲಗ್ನವಾಗಿ ಇನ್ನೂ ಮಕ್ಕಳಿರಲಿಲ್ಲ. ಪಾಪದ ಮಾತು ಬಂದರೆ ನಾನು ವಾದ ಮಾಡುವುದಿಲ್ಲ. "ಹಂಗಾರ ನೀಲಿ ಮುಚ್ಚಳದ ನಾಕು ಗಂಡು ತಂದು ನೀಲಿ ಮುಚ್ಚಳದ ಹೆಣ್ಣಿಗೆ ಬಿಡೂಣು," ಎಂದೆ.

ರೇಣುಕಾ ಬಾಯಿಗೆ ಕೈ ಇಟ್ಟುಕೊಂಡಳು. "ಥೂ ನಿಮ್ಮ! ಒಂದ ನೀರಾಗ ಹುಟ್ಟಿದ್ದು, ಒಂದ ಬೆಡಗು. ಅಣ್ಣತಂಗಿ ಆಗಬೇಕು. ಒಂದ ಬೆಡಗಿನಾಗ ಲಗ್ನ ಮಾಡ್ತಾರೇನು ಯಾರರ? ನಿಮ್ಮವ್ವ ಕೇಳಿದ್ರ ಏನಂದಾಳು?"

ನಮ್ಮಲ್ಲಿ ಸಂಬಂಧ ನೋಡುವಾಗ ಮೊದಲು ಕೇಳುವುದೇ ಬೆಡಗು, ಬೇರೆಯವರಲ್ಲಿ ಗೋತ್ರ ಇದ್ದಂತೆ. ಒಂದೇ ಆಯಿತೋ, ಚಹಾ ಕುಡಿದು ಎದ್ದು ಬರಬೇಕು. ಹುಡುಗಿ ಅಪ್ಸರೆಯಾದರೂ ಆಗುವುದಿಲ್ಲ. ನಾಲಾದ ಹೆಣ್ಣಿಗೆ ಹೊಂಡದ ಗಂಡೇ ಆಗಬೇಕು. ಹೊಂಡದ ಹೆಣ್ಣಿಗೆ ನಾಲಾದ ಗಂಡು. ಕೊಟ್ಟು ತರುವ ಸಂಬಂಧ. ಶಾಸ್ತ್ರಕ್ಕೆ ಸರಿ, ಎರಡೂ ಮನೆಗೆ ಸರಿ.

ಸಾರಿನ ಗಣಿತ ಆ ಹೊತ್ತಿಗೆ ನನ್ನ ತಲೆಯಲ್ಲಿ ಎಲ್ಲಿತ್ತು? ದೇವರೇ ಬಲ್ಲ. ಜಾಳಿ, ಬಕೆಟ್ ಬೆರೆಸಬಾರದು ಎಂದು ಮೇಡಂ ಹೇಳಿದ್ದರು. ಅದನ್ನು ಪಾಲಿಸಿದೆ. ಕೈಯಿಂದ ಹಿಡಿದೆ!

ಕೈಗೆ ಸಿಗಲಿಲ್ಲ. ಕಡೆಗೆ ಸ್ನಾನದ ಮಗ್ ತಂದು ಮೊಗೆದೆ. ಬಂದಷ್ಟು ಬಂದವು. ಉಭಯ ಕುಟುಂಬಗಳ ಹಿರಿಯರು ಬರಲು ಅನಾನುಕೂಲವಾದ ಕಾರಣ ಅವರ ಪರವಾಗಿ ನಾವಿಬ್ಬರೇ ನಿಂತು ಶುಭಕಾರ್ಯ ಮುಗಿಸಿದೆವು. ರೇಣುಕಾ ಅರಿಷಿಣ ಹಚ್ಚಿದ ಅಕ್ಕಿಕಾಳು ಹಾಕಿದಳು. ವಧೂವರರು ಅದನ್ನು ತಿನ್ನಲು ನೋಡಿ ಉಗುಳಿದರು.

ಮೂರು ನಾಲ್ಕು ವಾರ ಕಳೆಯಿತು. ದಿನಾ ಮಧ್ಯಾಹ್ನ ಮೇಡಂಗೆ ವಿಡಿಯೋ ಕಾಲ್ ಮಾಡಿ ತೊಟ್ಟಿ ತೋರಿಸುವುದು ನನ್ನ ಕೆಲಸ. ಮೂಲೆಯ ತೊಟ್ಟಿಗಳನ್ನು ದೂರದಿಂದ, ಓಡುತ್ತ ತೋರಿಸುತ್ತಿದ್ದೆ. ಒಂದು ದಿನ ಮೇಡಂ, "ನಿಲ್ಲು ನಿಲ್ಲು. ಅಲ್ಲಿ ಎಂಥದು ಅದು, ಚಿಕ್ಕದು?" ಎಂದರು.

"ಕಸ ಮೇಡಂ."

"ಕಸ ಓಡ್ತದಾ?"

"ಫ್ಯಾನಿನ ಗಾಳಿಗೆ."

"ತೆಗ್ದುಬಿಡು ಹಾಂ. ಆ ಟ್ಯಾಂಕಿಗೆ ಒಂದೂ ಗಂಡು ಹೋಗ್ಬಾರ್ದು ಮಲ್ಲು. ನನ್ನ ಲೆಕ್ಕ ಎಲ್ಲ ಅದ್ರ ಮೇಲೇ ನಿಂತದೆ."

ನನ್ನ ಬೆವರು ಫೋನಿನ ಮೇಲೆ ಬಿತ್ತು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಆ ಮದುವೆಗಳನ್ನೆಲ್ಲ ಮುರಿದೆ. ಊರಲ್ಲಿ ಸೋಡಚೀಟಿಗೆ ಪಂಚರು ಕೂಡಬೇಕು, ವಾದ ಆಗಬೇಕು. ನಾನು ಒಬ್ಬನೇ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಗಂಡಂದಿರನ್ನೂ ತೆಗೆದು ಒಂದೇ ಬಕೆಟ್ಟಿಗೆ ಹಾಕಿದೆ. ಯಾವ ಗಂಡು ಯಾವ ಮನೆಯದು ಎಂದು ಗುರುತು ಸಿಗದೆ ಅಂದಾಜಿನ ಮೇಲೆ ನೀಲಿಗಷ್ಟು, ಬಿಳಿಗಷ್ಟು ಬಿಟ್ಟೆ.

ಮುಂದಿನ ತಿಂಗಳು ಮತ್ತೆ ಮರಿ! ಗಂಡಿಲ್ಲ, ಮರಿ ಇದೆ! ಗಪ್ಪಿ ಹೆಣ್ಣು ಒಮ್ಮೆ ಕೂಡಿದರೆ ಸಾಕು, ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರುತ್ತದಂತೆ. ಇದನ್ನು ಲಗ್ನಕ್ಕೆ ಮೊದಲು ಯಾರಾದರೂ ಹೇಳಬೇಕಿತ್ತು.

ಮರಿಗಳನ್ನು ಏನು ಮಾಡುವುದು? ಎಸೆಯಲು ರೇಣುಕಾ ಬಿಡಲಿಲ್ಲ. "ನಮ್ಮ ಕೈಯಿಂದ ಆಗಿದ್ದು, ನಮ್ಮ ಮೊಮ್ಮಕ್ಕಳು," ಎಂದಳು. ಹಾಗಾಗಿ ದೊಡ್ಡ ನ್ಯಾಯಾಧೀಶನಂತೆ ಎಲ್ಲ ತೊಟ್ಟಿಗಳಿಗೂ ಸಮನಾಗಿ ಹಂಚಿದೆ. ನೀಲಿಗೂ, ಬಿಳಿಗೂ. ಯಾರಿಗೂ ಅನ್ಯಾಯವಾಗಬಾರದು!

ಗಾಳಾದಲ್ಲಿ ಒಂದಾದರೂ ಕೆಡದ ತೊಟ್ಟಿ ಉಳಿದಿತ್ತಲ್ಲ, ಅದೂ ಅಂದಿಗೆ ಮುಗಿಯಿತು.

ಮೇಡಂ ಕೋಲು ಹಿಡಿದು ಕುಂಟುತ್ತ ಬಂದ ದಿನವೇ ಸರ್ ಕೂಡ ಠಾಣೆ ಶಹರದಿಂದ ಬಂದರು. ಶೇಟ್ ಹೊಸ ಅಂಗಿ ಹಾಕಿಕೊಂಡು ಬಾಗಿಲಲ್ಲೇ ಕೂತರು. ನಾನು ನಾಲಾದಿಂದ ನೀರು ತಂದು ಎರಡು ಟಬ್ಬಿಗೆ ಸುರಿದೆ. ಅಂದು ನೀರು ನೇರಳೆ ಹಣ್ಣಿನ ಹಾಗೆ ಜಾಂಬಳಿ ಬಣ್ಣಕ್ಕಿತ್ತು. ಮೇಡಂ ಒಂದು ಟಬ್ಬಿಗೆ ನೀಲಿ ಮುಚ್ಚಳದ ಎಳೆ ಮೀನು ಬಿಟ್ಟರು, ಇನ್ನೊಂದಕ್ಕೆ ಬಿಳಿಯವು. ಲ್ಯಾಪ್‌ಟಾಪ್ ತಿರುಗಿಸಿ ಸರ್‌ಗೆ ತೋರಿಸಿದರು. ನಾಲಾದವು ಆರಾಮಾಗಿ ಈಜಬೇಕು, ಹೊಂಡದವು ಮೇಲೆ ಬಂದು ಬಾಯಿ ಬಿಡಬೇಕು. ಗಣಿತ ಹಾಗೆ ಹೇಳಿತ್ತು.

ಸ್ವಲ್ಪ ಹೊತ್ತಿಗೆ ನಾಲಾದವುಗಳಲ್ಲಿ ಕೆಲವು ಮೇಲೆ ಬಂದು ಬಾಯಿ ಬಿಟ್ಟವು. ಹೊಂಡದವುಗಳಲ್ಲಿ ಕೆಲವು ಜಾಂಬಳಿ ನೀರಿನಲ್ಲಿ ಮಾವನ ಮನೆಗೆ ಬಂದ ಅಳಿಯಂದಿರ ಹಾಗೆ ಓಡಾಡಿದವು.

ಮೇಡಂ ಮುಖ ಬಿಳಿಚಿತು. ಇನ್ನೊಂದು ತೊಟ್ಟಿಯವು ಬಿಟ್ಟು ನೋಡಿದರು. ಅದೇ ಕಥೆ. ಮೀನುಗಳನ್ನು ಒಳ್ಳೆ ನೀರಿಗೆ ಹಾಕಿ, ಅಲ್ಲೇ ಸ್ಟೂಲಿನ ಮೇಲೆ ಕೂತು ಗಣಿತ ಮೊದಲಿನಿಂದ ನೋಡತೊಡಗಿದರು. "ನನ್ನದೇ ಏನೋ ಗಲತಿ ಆಗಿದೆ ಸರ್. ಮಾಡೆಲ್ಲೇ ತಪ್ಪಿರಬೇಕು. ನಾನೇ ಎಲ್ಲೋ ತಪ್ಪಿದ್ದೇನೆ," ಎಂದು ತಮಗೆ ಬರುವ ಮೂರೂ ಭಾಷೆಯಲ್ಲಿ ಹೇಳುತ್ತಿದ್ದರು. ಕಣ್ಣೀರು ಕೀಲಿಗಳ ಮೇಲೆ ಬೀಳುತ್ತಿತ್ತು. ಒರೆಸಿಕೊಂಡು ಮತ್ತೆ ನೋಡುತ್ತಿದ್ದರು.

ನಾನು ಖಾಲಿ ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಹೊರೆ ಹೊರುವಾಗ ಕುತ್ತಿಗೆ ಮುರಿಯುವಂತಾದರೂ ಇಷ್ಟು ಭಾರ ಎನಿಸಿರಲಿಲ್ಲ. ಆದರೂ ತೆರೆಯಲಿಲ್ಲ. ಇದನ್ನು ಬರೆಯಲೇ ನನಗೆ ನಾಚಿಕೆ.

ಬಾಯಿ ತೆರೆದವಳು ರೇಣುಕಾ. ಚಹಾ ತಂದವಳು ಟಬ್ಬಿನೊಳಗೆ ಬಗ್ಗಿ ನೋಡಿ ಖುಷಿಯಿಂದ, "ಅಯ್ಯ, ನಮ್ಮ ಮೊಮ್ಮಕ್ಕಳು ಎಷ್ಟು ದೊಡ್ಡವು ಆದೂವಲ್ರೀ!" ಎಂದಳು.

"ಯಾರ ಮೊಮ್ಮಕ್ಕಳು?" ಎಂದರು ಮೇಡಂ.

ರೇಣುಕಾ ಎಲ್ಲ ಹೇಳಿದಳು. ಬೆಡಗು ನೋಡಿದ್ದು, ವರ ಆರಿಸಿದ್ದು, ಅಕ್ಕಿಕಾಳು. ಒಂದನ್ನೂ ಬಿಡಲಿಲ್ಲ. ಮೇಡಂ ಒಂದೊಂದೇ ಮಾತನ್ನು ಹಿಂದಿಯಲ್ಲಿ ಸರ್‌ಗೆ ಹೇಳಿದರು.

ಸರ್ ಬಯ್ಯಲಿಲ್ಲ. ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ಮೇಡಂ ತಿಳಿಸಿದರು: "ಮಲ್ಲು, ಸರ್ ಹೇಳ್ತಿದ್ದಾರೆ, ಎಷ್ಟು ಗಂಡು ಆಕಡೆ ಹೋದವು, ಎಷ್ಟು ಈಕಡೆ ಬಂದವು ಅಂತ ಗೊತ್ತಿದ್ರೆ ಇದೇ ಒಂದು ಪ್ರಯೋಗ ಆಗ್ತದಂತೆ. ಗಣಿತದಲ್ಲಿ ಹಾಕಿ ನೋಡ್ಬಹುದಂತೆ. ಎಣಿಸಿದ್ಯಾ? ಪ್ಲೀಸ್, ಎಣಿಸಿದ್ದೇನೆ ಅಂತ ಹೇಳು."

ಆ ಮುಖದಲ್ಲಿ ಆಸೆ ನೋಡಿ ನನಗೆ ಬೇರೆ ಮಾತು ಹೊರಡಲಿಲ್ಲ. "ಎಣಿಸೀನ್ರಿ ಮೇಡಂ," ಎಂದೆ.

ಮೇಡಂ ಪೆನ್ನು ತೆಗೆದರು. ಸರ್ ಕನ್ನಡಕ ಏರಿಸಿದರು. ಬಾಗಿಲಲ್ಲಿ ಶೇಟ್ ಎದ್ದು ನಿಂತರು.

"ಕಿತನೇ?" ಎಂದರು ಸರ್.

"ಆಕಡೆ ಹತ್ತು. ಈಕಡೆಯೂ ಹತ್ತು."

ಮೇಡಂ ಬರೆದುಕೊಂಡರು. ಅಷ್ಟರಲ್ಲಿ ನನ್ನ ಧರ್ಮಪತ್ನಿ, "ಯಾವಾಗ ಎಣಿಸಿದ್ರಿ? ಮಗ್ ತುಂಬ ಮೊಗದು ಹೊಯ್ದ್ರಿ! ಆಮ್ಯಾಲ ತಗೀವಾಗ ಯಾವುದು ಎಲ್ಲೀದಂತ ಗೊತ್ತಾಗದ ಕಂಡಲ್ಲೆ ಬಿಟ್ರಿ!" ಎಂದಳು.

ಮೇಡಂ ಬರೆದದ್ದರ ಮೇಲೆ ನಿಧಾನವಾಗಿ ಗೆರೆ ಎಳೆದರು. ಸರ್ ಚಹಾ ಮುಗಿಸಿ, ಹೊಸ ಮೀನು ತಂದು ಮೊದಲಿನಿಂದ ಮಾಡಬೇಕು, ಒಂದು ವರ್ಷ ಹಿಡಿಯುತ್ತದೆ ಎಂದು ಹೇಳಿ ಹೋದರು.

ಶೇಟ್ ಮಾತಿಗೆ ತಪ್ಪುವವರಲ್ಲ. ಆದರೆ ಮಗಳ ಮುಖ ನೋಡಿ ಅರ್ಧ ತಪ್ಪಿದರು. ಗಾಳಾದ ಅರ್ಧಕ್ಕೆ ಈರುಳ್ಳಿ ಬಂತು, ಅರ್ಧದಲ್ಲಿ ಖಾಲಿ ತೊಟ್ಟಿಗಳು ಉಳಿದವು. ಮೇಡಂ ಬೆಳಿಗ್ಗೆ ಹೋಟೆಲಿನ ಗಲ್ಲೆಯ ಮೇಲೆ ಕೂತು, ಮಧ್ಯಾಹ್ನ ಕುಂಟುತ್ತ ತುರ್ಭೆಗೆ ಬರುತ್ತಾರೆ. ನಾಲಾಕ್ಕೆ ಜಾಳಿ ಹಿಡಿದು ತಾವೇ ಇಳಿಯುತ್ತಾರೆ. ನಾನು ಇಳಿಯುತ್ತೇನೆ ಎಂದರೆ, "ನಕೋ ಮಲ್ಲು, ನೀನು ಈರುಳ್ಳಿ ನೋಡಿಕೋ. ಅದನ್ನು ಎಷ್ಟು ಮಿಕ್ಸ್ ಮಾಡಿದ್ರೂ ಮರಿ ಹಾಕೂದಿಲ್ಲ," ಎನ್ನುತ್ತಾರೆ. ಸಿಟ್ಟಿಲ್ಲದೆ ಹೇಳುತ್ತಾರೆ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು.

ನಾನು ಈರುಳ್ಳಿ ಚೀಲ ಹೊತ್ತು ಹಾಕುತ್ತೇನೆ. ಕಣ್ಣಲ್ಲಿ ನೀರು ಬಂದರೆ ಯಾರೂ ಕಾರಣ ಕೇಳುವುದಿಲ್ಲ. ಇಷ್ಟೇ ಆದದ್ದು. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.