ಕರುಳೋ ಮೆದುಳೋ

ಸ್ಪಿರಿಟ್ಟಿನ ಬಟ್ಟೆಯಿಂದ ಮೇಜು ಒರೆಸಿದ್ದು ತಪ್ಪಲ್ಲ. ಅದೇ ಕೈಯಲ್ಲಿ ಅಲ್ಲಿದ್ದ ಮೂರು ಗಾಜಿನ ನಳಿಕೆಗಳನ್ನೂ ಒರೆಸಿದ್ದು ಲ್ಯಾಬ್ ಸಹಾಯಕನ ಗ್ರಹಚಾರ. ಒರೆಸಿ ನೋಡುತ್ತಾನೆ, ಯಾವುದರ ಮೇಲೂ ಹೆಸರಿಲ್ಲ. ಸ್ಪಿರಿಟ್ಟಿಗೆ ಶಾಯಿ ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ತಾನೇ ಅಳಿಸಿಬಿಟ್ಟೆ ಎಂದುಕೊಂಡ.

ಆ ಲ್ಯಾಬಿನ ಕೆಲಸವೆಲ್ಲ ಹೆಸರಿನ ಮೇಲೆಯೇ ನಿಂತಿತ್ತು. ಇಲಿಯ ವಂಶವಾಹಿಗಳಲ್ಲಿ ತಾವಾಗಿಯೇ ಆಗುವ ಬದಲಾವಣೆಗಳು ಯಾವ ಅಂಗದಲ್ಲಿ ಎಷ್ಟೆಂದು ಅಲ್ಲಿ ಎಣಿಸುತ್ತಿದ್ದರು. ಸದಾ ಹೊಸ ಜೀವಕೋಶ ಹುಟ್ಟುವ ಕರುಳಿನಲ್ಲಿ ಹೆಚ್ಚು, ಮೆದುಳಿನಲ್ಲಿ ಕಡಿಮೆ, ಲಿವರ್ ಇವೆರಡರ ನಡುವೆ. ಮೇಡಂ ದಿನವೂ ಈ ಮೂರು ಅಂಗಗಳ ಸಾರ ತೆಗೆದು, ಒಂದೊಂದನ್ನು ಒಂದೊಂದು ನಳಿಕೆಗೆ ತುಂಬಿ, ಹೆಸರು ಬರೆದಿಡುವರು. ಇವನು ಅದನ್ನು ಎಣಿಸುವ ಯಂತ್ರಕ್ಕೆ ಹಾಕಬೇಕು. ಸಾರವೋ, ಯಾವ ಅಂಗದ್ದಾದರೂ ನೀರಿನಂತೆಯೇ ಕಾಣುತ್ತಿತ್ತು.

ಗಾಜು ತೊಳೆಯುವ ಅಕ್ಕ ವಿಷಯ ಕೇಳಿ, ಮೇಡಂ ಹತ್ತಿರ ನಿಜ ಹೇಳಿಬಿಡು ಎಂದಳು. ಅಷ್ಟರಲ್ಲಿ ಇಲಿಗಳಿಗೆ ಕಾಳು ಹಾಕುವ ದೊಡ್ಡಣ್ಣ ಕರೆಯದೆಯೇ ಬಂದು, ಹಿಂದಿನ ಸಹಾಯಕ ಬರೀ ಗೂಡಿನ ಬಾಗಿಲು ಹಾಕಲು ಮರೆತು ಕೆಲಸ ಕಳೆದುಕೊಂಡನೆಂದು ನೆನಪಿಸಿದ. ಈ ಕೆಲಸವನ್ನಾದರೂ ಉಳಿಸಿಕೊಳ್ಳಿ ಎಂದು ಸಹಾಯಕನ ಹೆಂಡತಿ ಬೆಳಿಗ್ಗೆ ತಾನೇ ಹೇಳಿ ಕಳಿಸಿದ್ದಳು.

"ಹೆಸರು ತಾನೆ ಹೋಗಿರೋದು? ಬರೆದುಬಿಡಪ್ಪ," ಎಂದ ದೊಡ್ಡಣ್ಣ. "ಅಲ್ಲಾಡಿಸಿ ನೋಡು, ಮಂದವಾಗಿರೋದು ಮೆದುಳು."

ದೊಡ್ಡಣ್ಣನಿಗೆ ಇಲಿಯ ಹೊಟ್ಟೆ ತುಂಬಿಸುವುದು ಗೊತ್ತಿತ್ತೇ ಹೊರತು ಒಳಗೆ ಎಲ್ಲಿ ಏನಿದೆಯೆಂದು ಗೊತ್ತಿರಲಿಲ್ಲ. ಹೆದರಿದವನಿಗೆ ಅಷ್ಟು ಯೋಚಿಸಲು ಪುರುಸೊತ್ತೆಲ್ಲಿ? ಅಲ್ಲಾಡಿಸಿದ, ಬೆಳಕಿಗೆ ಹಿಡಿದ, ಮೂಸಿಯೂ ನೋಡಿದ. ಕೊನೆಗೆ ದೇವರ ಮೇಲೆ ಭಾರ ಹಾಕಿ, ಮೇಡಂ ಅಕ್ಷರವನ್ನೇ ಅನುಕರಿಸಿ ಕರುಳು, ಮೆದುಳು, ಲಿವರ್ ಎಂದು ಬರೆದು ಯಂತ್ರಕ್ಕೆ ಹಾಕಿದ.

ಲೆಕ್ಕ ಬಂತು. ಮೂರೂ ಸಮಸಮ. ಕರುಳೂ ಮೆದುಳೂ ಒಂದೇ ಆಗುವುದುಂಟೆ? ದೊಡ್ಡಣ್ಣ ಕಾಳಿನ ಡಬ್ಬಿ ಎತ್ತಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ.

ಮೇಡಂ ಬಂದರು. ಲೆಕ್ಕ ನೋಡಿ ಅವರ ಮುಖ ಅರಳಿತು. ಯಂತ್ರ ಸರಿಯಾಗಿದೆ ಎಂದರು. ನಳಿಕೆ ಎತ್ತಿ ನೋಡಿದಾಗ ಮಾತ್ರ ಹುಬ್ಬು ಗಂಟಿಕ್ಕಿತು.

"ಇದರ ಮೇಲೆ ಕರುಳು ಅಂತ ಯಾರು ಬರೆದದ್ದು? ನಾನಿವತ್ತು ಹೆಸರೇ ಬರೆದಿರಲಿಲ್ಲ. ಯಂತ್ರ ಪರೀಕ್ಷೆ ಮಾಡೋಣ ಅಂತ ಮೂರಕ್ಕೂ ಒಂದೇ ಇಲಿಯ ಲಿವರ್ ಹಾಕಿದ್ದೆ."

ಸಹಾಯಕನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನಾನು ಏನೂ ಅಳಿಸಿಲ್ಲ, ಮೇಡಂ."

"ಅಳಿಸಿಲ್ಲ. ಬರೆದಿದ್ದೀರಿ. ಥೇಟ್ ನನ್ನ ಅಕ್ಷರ."

ಮೇಡಂ ಫ್ರಿಜ್ಜಿನ ಬಾಗಿಲು ತೆರೆದರು. ವರ್ಷವಿಡೀ ಕೂಡಿಟ್ಟ ನಳಿಕೆಗಳು ಸಾಲು ಸಾಲಾಗಿ ನಿಂತಿದ್ದವು.

"ಈಗ ಹೇಳಿ, ಇದರಲ್ಲಿ ನಾನು ಬರೆದದ್ದು ಯಾವುದು, ನೀವು ಬರೆದದ್ದು ಯಾವುದು?"