ಗುತ್ತೆವ್ವನ ಹೊಳಿ ಚಿಪ್ಪು

ಯಾರದು, ಈ ಮುದುಕಗ ಅರಳು ಮರಳು ಅಂದವರು? ಬಾಯಿ ಮುಚ್ಚಿ ಕೇಳ್ರಿ. ಎಂಬತ್ತೆಂಟನೇ ಇಸ್ವಿ, ಊರು ಬ್ಯಾಡಗಿ, ಮನಶ್ಯಾ ವಿಜ್ಞಾನದ ಮಾಸ್ತರ ಫಕ್ಕೀರೇಶ. ಇದರಾಗ ಹೆಚ್ಚುಕಮ್ಮಿ ಇದ್ರ ನನ್ನ ಮೀಸಿ ಬೋಳಸ್ರಿ.

ಅವನ ಅತ್ತಿ ಗುತ್ತೆವ್ವ ಮಾವಿನಕಾಯಿಗೆ ಬೆಲ್ಲ ಹಾಕಿ ಗುಳಂಬ ಮಾಡಾಕ ಮೋಟೆಬೆನ್ನೂರಿಂದ ಬಂದಿದ್ಲು. ಜೋಡಿಗೆ ಒಂದು ಹೊಳಿ ಚಿಪ್ಪು, ಅಂಗೈಯಗಲದ ಕಪ್ಪೆಚಿಪ್ಪು. ನಡುವ ತಿಕ್ಕಿ ತೂತು ಮಾಡಿದ್ದು. ಆ ತೂತಿನ ಅಂಚಿಲೆ ಕಾಯಿ ಸಿಪ್ಪಿ ಹೆರಿಯೋದು.

ಪಾಠಕ್ಕ ಬೇಕಂತ ಮಾಸ್ತರ ಆ ಚಿಪ್ಪು, ಒಂದು ಸುಣ್ಣದ ಕಲ್ಲು ಎರಡನ್ನೂ ಕಿಸೇಕ್ಕ ಹಾಕ್ಕೊಂಡ. ಬಾಗಲದಾಗ ಹೇಂತಿ ಮಂಗಳವ್ವ ಹಿಡದ್ಲು.

"ನಮ್ಮವ್ವನ ಜೀವ ಅದರಾಗೈತಿ. ಅದು ಮುರೀತೋ, ನಾನೂ ಅವ್ವನ ಜೋಡಿ ತವರಿಗಿ. ನಿಮ್ಮ ರೊಟ್ಟಿ ನೀವ ಬಡಕೋರಿ!"

ಸಾಲಿ ಬಿಟ್ಟಮ್ಯಾಲ ಸುಮ್ಮನ ಮನಿಗಿ ಹೋಗಬಾರದಾ? ಮೆಣಸಿನಕಾಯಿ ಮಾರ್ಕೆಟ್ಟಿನ ಚಾದಂಗಡ್ಯಾಗ ಕುಂತು ಶುರು ಮಾಡಿದ: "ಈ ಕಲ್ಲು, ಈ ಚಿಪ್ಪು ಎರಡೂ ಒಂದ ಪದಾರ್ಥ. ಕಲ್ಲಿಗೆ ಏಟು ಬಿದ್ರ ಪುಡಿ. ಚಿಪ್ಪಿನೊಳಗ ಕಣ್ಣಿಗೆ ಕಾಣದಷ್ಟು ತೆಳ್ಳನ ಬಿಲ್ಲಿ, ಇಟ್ಟಂಗಿ ಗ್ವಾಡಿ ಕಟ್ಟಿದಂಗ, ನಡುನಡುವ ಅಂಟು. ಸೀಳು ಒಳಗ ಹೊಕ್ತಂದ್ರ, ಸಂದಿಗೊಂದಿ ಸುತ್ತಿ ಸುತ್ತಿ, ಪರಊರ ಬೀಗರಗತೆ ದಾರಿ ತಪ್ಪಿ ನಿಂದರ್ತೈತಿ."

ಹಮಾಲ ದಾದಾಪೀರ ಚೀಲ ಹೊತ್ಕೊಂಡು ನಿಂತಿದ್ದ. "ಬಾಯಿಲೆ ಯಾಕ್ರಿ ಮಾಸ್ತರ, ಕಾಲಿಲೆ ನೋಡೂಣು!" ಅಂದವನೇ ಚಿಪ್ಪು ಕಸಗೊಂಡು ನೆಲಕ್ಕಿಟ್ಟು, ಚೀಲ ಸಮೇತ ಮ್ಯಾಲ ಹತ್ತಿದ.

"ಇಳಿಯೋ ಮಾರಾಯಾ! ನನ್ನ ಸಂಸಾರ ಐತದು!"

ಚಿಪ್ಪು ಜಪ್ಪಯ್ಯ ಅನ್ನಲಿಲ್ಲ. ಅಲ್ಲೇ ಚಾ ಕುಡ್ಯಾಕತ್ತಿದ್ದ ದಲಾಲಿ ಅಲ್ಲಾವುದ್ದೀನಸಾಬಗ, ಹೆಂಗ ಮುರಿಯೂದಿಲ್ಲ ನೋಡೇಬಿಡ್ತೀನಂತ ರೋಷ ಬಂತು. ತೂಕದ ಕಲ್ಲು ತಂದ. ಮೊದಲು ಸುಣ್ಣದ ಕಲ್ಲಿಗೊಂದು ಕೊಟ್ಟ: ಹಿಟ್ಟಾತು. ಆಮ್ಯಾಲ ಚಿಪ್ಪಿಗೊಂದು. ಮಾಸ್ತರ ಕಣ್ಣು ಮುಚ್ಚಿದ. ಮಂದಿ ಮೆಣಸಿನ ಘಾಟಿಗೆ ಸೀನತಾ ಬಗ್ಗಿ ನೋಡಿದ್ರು. ಕೂದಲೆಳಿಯಂಥ ಗೆರಿ ಬಿದ್ದಿತ್ತು; ಅರ್ಧಕ್ಕ ಸೊಟ್ಟ ಹೊಳ್ಳಿ ಅಲ್ಲೇ ನಿಂತಿತ್ತು.

"ಶಾಬಾಸ್ ಮಾಸ್ತರ!" ಅಂತ ಒದರಿದ್ದು ಟೇಸನ್ನಿಗೆ ಕೇಳಿಸ್ತು.

ಮಾಸ್ತರ ಮನಿ ಮುಟ್ಟೂದ್ರೊಳಗ ಸುದ್ದಿ ಮುಟ್ಟಿತ್ತು. ಗೆರಿ ಮ್ಯಾಲ ಹೆಬ್ಬಟ್ಟಿಟ್ಟು, ಎದಿ ಉಬ್ಬಿಸಿ ಚಿಪ್ಪು ಕೊಟ್ಟ. ಗುತ್ತೆವ್ವ ತಿರುವಿ ಮುರುವಿ ನೋಡಿ ಹಣಿ ಬಡಕೊಂಡ್ಲು.

"ಮುರೀಲೇ ಇಲ್ಲೇನ್ರಿ ಅಳಿಯಂದ್ರ? ಹೆರಿಯಾಕ ಸ್ಟೀಲಿಂದು ಕೊಡಸ್ರಿ ಅಂದಾಗೊಮ್ಮೆ ನಿಮ್ಮ ಮಾವಾರು 'ಇದು ಮುರದಮ್ಯಾಲ ನೋಡೂಣು' ಅಂತಾರ. ನಿಮ್ಮ ಕೈಯಾಗ ಏನೂ ಉಳಿಯೂದಿಲ್ಲಂತನ ಬೇಕಂತ ನಿಮ್ಮ ಅಂಗಿ ಬಾಜೂಕ ಇಟ್ಟಿದ್ದೆ! ಈಗ ಊರಿಗೆಲ್ಲ ಇದು ಮುರಿಯೂದಿಲ್ಲಂತ ಸಾಬೀತ ಮಾಡಿ ಬಂದೀರಿ. ಇನ್ನ ಅವರು ಕೊಡಿಸಿದ್ಹಂಗ ಆತು!"

ಅಂದಾಕಿನೇ ಮಾವಿನಕಾಯಿ ಬುಟ್ಟಿ ಅವನ ಮುಂದ ನೂಕಿದ್ಲು. "ಹೆರೀರಿ."

ಮಂಗಳವ್ವ ಇನ್ನೊಂದು ಬುಟ್ಟಿ ತಂದಿಟ್ಲು.

ದೀಪ ಹಚ್ಚೂದ್ರಾಗ ಮಾಸ್ತರ ಹೆಬ್ಬಟ್ಟಿಗೆ ಬೊಬ್ಬಿ ಎದ್ದುವು. ಚಿಪ್ಪು ಮಾತ್ರ ಮದುಮಗನಗತೆ ಹೊಳ್ಯಾಕತ್ತಿತ್ತು.

ಅಳಿಯಂದ್ರು ಇದ್ದ ಮನಿಗೆಲ್ಲ ಈ ಕತಿ ಕಳಸ್ರಿ, ಮಾವಿನಕಾಯಿ ಸುಗ್ಗಿ ಬರೂದ್ರೊಳಗ. ಪಾಪ, ಒಂದೆರಡು ಹೆಬ್ಬಟ್ಟಾದ್ರೂ ಉಳೀಲಿ.